ಬೆಳ್ಳಿ ಒರೆಯೊಳಗಿನ ಉಕ್ಕು

ಚೆನ್ನೈನ ಮೈಲಾಪುರದ ಗಲ್ಲಿಗಳಲ್ಲಿ ಭಾನುವಾರ ಬೆಳಿಗ್ಗೆ ಈಗಲೂ ಆಗೊಮ್ಮೆ ಈಗೊಮ್ಮೆ ಒಂದು ಕೂಗು ಕೇಳಿಸುತ್ತದೆ: ‘ಕತ್ತೀ... ಸಾಣೈ...’ ತಮಿಳು ಬಾರದ ಕನ್ನಡಿಗರಿಗೂ ಆ ಮಾತು ಅರ್ಥವಾಗುತ್ತದೆ. ಕತ್ತಿಯೂ ನಮ್ಮದೇ, ಸಾಣೆಯೂ ನಮ್ಮದೇ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದರೆ ಹ್ಯಾಂಡಲ್ ಹತ್ತಿರ ಕಟ್ಟಿದ ಸಾಣೆಕಲ್ಲು ಗಿರ್ರನೆ ತಿರುಗುತ್ತದೆ. ಗೇಟುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಒಬ್ಬರ ಕೈಯಲ್ಲಿ ಈಳಿಗೆಮಣೆ, ಇನ್ನೊಬ್ಬರ ಕೈಯಲ್ಲಿ ಮೊಂಡಾದ ಕತ್ತರಿ, ಮತ್ತೊಬ್ಬರದು ಎಳನೀರು ಕೆತ್ತುವ ಮಚ್ಚು. ಅಲಗು ಕಲ್ಲಿಗೆ ತಾಗಿದ್ದೇ ತಡ, ಕಿಡಿಗಳು ಹೂಬಾಣದಂತೆ ಚಿಮ್ಮುತ್ತವೆ.

ಆ ಕಿಡಿಗಳಲ್ಲೂ ಒಂದು ಬರಹವಿದೆ. ಮೆತ್ತನೆಯ ಕಬ್ಬಿಣವಾದರೆ ಕಿಡಿ ಉದ್ದನೆಯ ಗೆರೆ ಎಳೆದು ಆರಿಹೋಗುತ್ತದೆ. ಇಂಗಾಲ ಸಾಕಷ್ಟಿರುವ ಉಕ್ಕಾದರೆ ಅದೇ ಗೆರೆ ತುದಿಯಲ್ಲಿ ಕವಲೊಡೆದು ಸುರುಸುರುಬತ್ತಿಯ ಹಾಗೆ ನಕ್ಷತ್ರವಾಗಿ ಸಿಡಿಯುತ್ತದೆ. ಹಳೆಯ ಸಾಣೆಗಾರರು ಹಿಡಿಯ ಮೇಲಿನ ಕಂಪನಿ ಹೆಸರನ್ನು ಓದುವುದೇ ಇಲ್ಲ. ಕಿಡಿ ನೋಡಿ ಅಲಗಿನ ಕುಲ ಹೇಳುತ್ತಾರೆ.

ಕೈಯಲ್ಲಿ ಬಡಿದು ಮಾಡಿದ ಕತ್ತಿಯನ್ನು ಮೆಚ್ಚಿಕೊಳ್ಳುವ ವಿದ್ಯೆಯ ಮೊದಲ ಪಾಠ ಇದು. ಈ ವಿದ್ಯೆಯ ಮಾತು ಬಂದಾಗಲೆಲ್ಲ ಜಗತ್ತಿನ ಕತ್ತಿಪ್ರಿಯರು ಫಿನ್ಲೆಂಡಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿನ ಸೊಂಟದ ಚಾಕು ‘ಪೂಕ್ಕೊ’ ಅವರ ಕಣ್ಣಿಗೆ ಕೈಕಸುಬಿನ ಶಿಖರ. ಅದು ನ್ಯಾಯವಾದ ಮೆಚ್ಚುಗೆಯೇ. ಆದರೆ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಳ್ಳದೆ ಉಡುಪೇ ಪೂರ್ತಿಯಾಗದ ಇನ್ನೊಂದು ನಾಡು ಕರ್ನಾಟಕದಲ್ಲೇ ಇದೆ. ಕೊಡಗಿನ ಪೀಚೆಕತ್ತಿ ಮತ್ತು ಒಡಿಕತ್ತಿಯ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ಅವುಗಳನ್ನು ಒರೆಯಿಂದ ಹೊರತೆಗೆದು ನೋಡಿದವರು ಇನ್ನೂ ಕಡಿಮೆ.

ಮುಂದೊಂದು, ಬೆನ್ನಿಗೊಂದು

ಕೊಡವ ಗಂಡಸರ ಸಾಂಪ್ರದಾಯಿಕ ಉಡುಪು ಕುಪ್ಯ. ಮೊಣಕಾಲು ದಾಟುವ, ಅರ್ಧ ತೋಳಿನ ಕಪ್ಪು ನಿಲುವಂಗಿ. ಮದುಮಗನದು ಮಾತ್ರ ಬಿಳಿ. ಅದರ ಮೇಲೆ ಸೊಂಟಕ್ಕೆ ಬಿಗಿಯುವ ಕೆಂಪು ರೇಷ್ಮೆಯ ಪಟ್ಟಿಗೆ ಚೇಲೆ ಎಂದು ಹೆಸರು. ಚೇಲೆಯ ಮುಂಭಾಗದಲ್ಲಿ ಓರೆಯಾಗಿ ಸಿಕ್ಕಿಸಿಕೊಳ್ಳುವುದು ಪೀಚೆಕತ್ತಿ. ಬೆನ್ನ ಹಿಂದೆ, ‘ತೊಡಂಗ್’ ಎಂಬ ಹಿತ್ತಾಳೆಯ ಕೊಕ್ಕೆಯಲ್ಲಿ ನಿಲ್ಲುವುದು ಒಡಿಕತ್ತಿ.

ಇವೆರಡೂ ಅಣ್ಣತಮ್ಮಂದಿರಲ್ಲ, ಬೇರೆ ಬೇರೆ ಮನೆಯವು. ಒಡಿಕತ್ತಿ ಅಗಲ, ಭಾರ, ಒಳಕ್ಕೆ ಬಾಗಿದ್ದು. ಹರಿತ ಇರುವುದು ಆ ಬಾಗಿನ ಒಳಮೈಗೆ, ಕುಡುಗೋಲಿನ ಹಾಗೆ. ತೂಕವೆಲ್ಲ ತುದಿಯ ಕಡೆ ಕೂಡಿರುವುದರಿಂದ ಬೀಸಿದರೆ ಏಟಿನ ಬಲ ತಾನಾಗಿ ಮುಂದಕ್ಕೆ ಹೋಗುತ್ತದೆ. ಒಳಬಾಗು ಕಡಿಯುವ ವಸ್ತುವನ್ನು ಜಾರಲು ಬಿಡದೆ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಿಡಿಯ ಕೊನೆಯಲ್ಲಿ ತಟ್ಟೆಯಂತೆ ಅಗಲವಾಗುವ ಭಾಗ ಬರಿಯ ಅಲಂಕಾರವಲ್ಲ. ಬೀಸಿದ ವೇಗಕ್ಕೆ ಕತ್ತಿ ಕೈಯಿಂದ ಹಾರಿಹೋಗದಂತೆ ತಡೆಯುವುದು ಅದೇ. ಕಾಡು ಸವರುವುದಕ್ಕೂ ಕಾಳಗಕ್ಕೂ ಒಂದೇ ಆಕಾರ ಒದಗಿದ್ದು ಹೀಗೆ. ಇಂದಿಗೂ ಕೊಡವ ಮದುವೆಯಲ್ಲಿ ನೆಟ್ಟ ಬಾಳೆದಿಂಡುಗಳನ್ನು ಒಡಿಕತ್ತಿಯಿಂದ ಒಂದೇ ಏಟಿಗೆ ತುಂಡರಿಸುವ ಶಾಸ್ತ್ರ ನಡೆಯುತ್ತದೆ. ಬಾಳೆದಿಂಡು ಮೆತ್ತಗಿದೆ ಎಂದು ಹಗುರಾಗಿ ತೆಗೆದುಕೊಂಡವರಿಗೆ ಗೊತ್ತು, ಅದರ ನಾರು ಮೊಂಡು ಅಲಗನ್ನು ಅರ್ಧದಲ್ಲೇ ಹಿಡಿದು ನಿಲ್ಲಿಸಿಬಿಡುತ್ತದೆ.

ಪೀಚೆಕತ್ತಿ ಇದಕ್ಕೆ ತದ್ವಿರುದ್ಧ. ಅಲಗು ಒಂದು ಗೇಣಿಗೆ ತುಸು ಕಡಿಮೆ, ಒಂದೇ ಕಡೆ ಹರಿತ, ಬೆನ್ನು ದಪ್ಪ. ಕೆಲವು ಹಳೆಯ ಕತ್ತಿಗಳಲ್ಲಿ ಹಿಡಿಯ ತುದಿ ಗಿಣಿಯ ತಲೆಯಂತೆ ಬಾಗಿರುತ್ತದೆ. ಮರದ ಒರೆಗೆ ಬೆಳ್ಳಿಯ ಹಾಳೆ, ಹಿತ್ತಾಳೆಯ ಪಟ್ಟಿ, ಸಿರಿವಂತರ ಮನೆಯಲ್ಲಿ ಚಿನ್ನದ ಕುಸುರಿ. ಒರೆಯಿಂದ ಇಳಿಬೀಳುವ ಬೆಳ್ಳಿಯ ಸರಪಳಿಗಳ ಗೊಂಚಲನ್ನು ಹತ್ತಿರದಿಂದ ನೋಡಬೇಕು. ದೂರದಿಂದ ಗೆಜ್ಜೆಯಂತೆ ಕಾಣುವ ಆ ತುದಿಗಳಲ್ಲಿ ಬೆರಳುಗುರಿನಷ್ಟು ಗಾತ್ರದ ಉಪಕರಣಗಳು ನೇತಾಡುತ್ತಿರುತ್ತವೆ: ಮುಳ್ಳು ಕೀಳುವ ಚಿಮಟ, ಕಿವಿಯ ಗುಗ್ಗೆ ತೆಗೆಯುವ ಪುಟ್ಟ ಸೌಟು, ಉಗುರಿನ ಸಂದಿ ಕೆರೆಯುವ ಮೊನೆ, ಹಲ್ಲುಕಡ್ಡಿ. ಕಾಡಿನ ದಾರಿಯಲ್ಲಿ ನಡೆಯುವ ಮನುಷ್ಯನಿಗೆ ಬೇಕಾದದ್ದೆಲ್ಲ ಒಂದು ಸರಪಳಿಯಲ್ಲಿ. ಸ್ವಿಸ್ ಚಾಕು ಹುಟ್ಟುವುದಕ್ಕೆ ಮುಂಚಿನ ಈ ಜಾಣ್ಮೆಯ ಮುಂದೆ ಬೆಳ್ಳಿಯ ಹೊಳಪು ಮಂಕೆನಿಸುತ್ತದೆ.

ಹಳೆಯ ಮನೆಗಳ ಕೆಲವು ಪೀಚೆಕತ್ತಿಗಳಿಗೆ ಆನೆದಂತದ ಹಿಡಿ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ನಂತರದ ತಿದ್ದುಪಡಿಗಳು ದಂತದ ವ್ಯಾಪಾರವನ್ನು ಪೂರ್ತಿ ನಿಲ್ಲಿಸಿದವು. ಆದ್ದರಿಂದ ಹೊಸ ಕತ್ತಿಗೆ ದಂತ ಕೂಡಿಸುವ ಮಾತಿಲ್ಲ, ಹಾಗಾಗಿರುವುದು ಒಳ್ಳೆಯದೇ. ಒಳ್ಳೆಯ ಬೀಟೆಯ ಹಿಡಿ ಅಂಗೈಗೆ ದಂತಕ್ಕಿಂತ ಹಿತವಾಗಿ ಕೂರುತ್ತದೆ.

ಕತ್ತಲ ಕುಲುಮೆ

ಕೊಡಗಿನಲ್ಲಿ ಕಮ್ಮಾರಿಕೆ, ಬಡಗಿತನ, ಅಕ್ಕಸಾಲಿಕೆ ಮೂರೂ ಐರಿ ಸಮುದಾಯದವರ ಪರಂಪರೆಯ ಕಸುಬು. ಒಂದು ಪೀಚೆಕತ್ತಿಗೆ ಈ ಮೂರೂ ಕೈಗಳು ಬೇಕು. ಅಲಗು ಬಡಿಯಲು ಒಂದು, ಒರೆ ಕೊರೆಯಲು ಒಂದು, ಬೆಳ್ಳಿ ಹೊದಿಸಲು ಮತ್ತೊಂದು.

ಹಳ್ಳಿಯ ಕುಲುಮೆಯ ಒಳಗೆ ಯಾವಾಗಲೂ ಮಬ್ಬುಗತ್ತಲು. ಮಾಡು ತಗ್ಗು, ಕಿಟಕಿ ಸಣ್ಣದು. ಬಡತನದಿಂದಲೇ ಹಾಗಿದೆ ಎಂದು ತಿಳಿದರೆ ತಪ್ಪಾಗುತ್ತದೆ. ಕಾದ ಲೋಹದ ನಿಜವಾದ ಬಣ್ಣ ಕಾಣಬೇಕಾದರೆ ಬಿಸಿಲು ಒಳಗೆ ಬರಬಾರದು. ಕಮ್ಮಾರನಿಗೆ ಉಷ್ಣಮಾಪಕ ಎಂದರೆ ಅವನ ಕಣ್ಣು.

ಹಳೆಯ ಕ್ರಮದಲ್ಲಿ ಅಲಗಿನ ಮೈಯೆಲ್ಲ ಕಬ್ಬಿಣ, ಬಾಯಿಗೆ ಮಾತ್ರ ಉಕ್ಕು. ಕುಡುಗೋಲು, ಕೊಡಲಿಗಳಿಗೆ ‘ಉಕ್ಕು ಹಾಕಿಸುವುದು’ ಎಂಬ ಮಾತು ರೈತರ ಬಾಯಲ್ಲಿ ಇರುವುದು ಇದಕ್ಕೇ. ಉಕ್ಕು ದುಬಾರಿಯಾಗಿದ್ದ ಕಾಲದ ಮಿತವ್ಯಯ ಇದರಲ್ಲಿದೆ, ಆದರೆ ಅದಕ್ಕಿಂತ ದೊಡ್ಡ ವಿವೇಕವೂ ಇದೆ. ಗಟ್ಟಿಯಾದ ಉಕ್ಕು ಹರಿತ ಹಿಡಿಯುತ್ತದೆ, ಆದರೆ ಪೆಟ್ಟಿಗೆ ಬಿರಿಯುತ್ತದೆ. ಮೆತ್ತನೆಯ ಕಬ್ಬಿಣ ಹರಿತ ಹಿಡಿಯದು, ಆದರೆ ಪೆಟ್ಟು ತಡೆದುಕೊಳ್ಳುತ್ತದೆ. ಎರಡನ್ನೂ ಕೆಂಡದಲ್ಲಿ ಬೆಸೆದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇಂದು ಬಹಳಷ್ಟು ಕಮ್ಮಾರರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ತಂದು ಬಡಿಯುತ್ತಾರೆ. ಗುಜರಿಯ ಸರಕು ಎಂದು ಮೂಗು ಮುರಿಯಬೇಕಿಲ್ಲ. ಅದು ಒಳ್ಳೆಯ ಉಕ್ಕು, ಹದ ಬಲ್ಲವನ ಕೈಗೆ ಸಿಕ್ಕರೆ ಒಳ್ಳೆಯ ಕತ್ತಿಯಾಗುತ್ತದೆ.

ಹದವೇ ಎಲ್ಲ. ಅಲಗು ಕೆಂಡದಲ್ಲಿ ಕಾಯುತ್ತ ಮೊದಲು ಕಂದುಗೆಂಪು, ಆಮೇಲೆ ಹಣ್ಣಾದ ಚೆರ್ರಿಯ ಕೆಂಪಿಗೆ ತಿರುಗುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅದಕ್ಕಿಂತ ತುಸು ಮೇಲೆ, ಅತಿಯಾಗದ ಹಾಗೆ, ಅಲಗನ್ನು ಎತ್ತಿ ನೀರಿಗೋ ಎಣ್ಣೆಗೋ ಇಳಿಸಬೇಕು. ಚುಂಯ್ ಎಂಬ ಆ ಒಂದು ಸದ್ದಿನಲ್ಲಿ ದಿನವಿಡೀ ಬಡಿದದ್ದು ಫಲಿಸುತ್ತದೆ, ಇಲ್ಲವೇ ಕೂದಲೆಳೆಯ ಬಿರುಕು ಬಿಟ್ಟು ಹಾಳಾಗುತ್ತದೆ.

ಹೀಗೆ ತಣಿದ ಅಲಗು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಬಿರುಸು. ಕಲ್ಲಿನ ಮೇಲೆ ಬಿದ್ದರೆ ಎರಡಾಗಬಹುದು. ಆದ್ದರಿಂದ ಅದನ್ನು ಒಂದಿಷ್ಟು ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಮೆಲ್ಲಗೆ, ಬೆನ್ನಿನ ಕಡೆಯಿಂದ ಕಾಯಿಸುತ್ತಾರೆ. ಆಗ ಉಜ್ಜಿದ ಮೈಮೇಲೆ ಬಣ್ಣಗಳು ಓಡಿಬರುತ್ತವೆ. ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ. 260ರ ಹೊತ್ತಿಗೆ ಕಂದು. ಮುಂದೆ ನೇರಳೆ. 300ಕ್ಕೆ ನವಿಲುಗರಿಯ ನೀಲಿ. ಹರಿತದ ಅಂಚಿಗೆ ಹುಲ್ಲಿನ ಹಳದಿ ಬಂದು ಮುಟ್ಟಿದಾಗ, ಬೆನ್ನು ಆಗಲೇ ನೀಲಿಗೆ ತಿರುಗಿರುವಾಗ, ಕೂಡಲೇ ತಣಿಸಬೇಕು. ಅಂಚು ಗಟ್ಟಿ, ಬೆನ್ನು ಬಾಗಬಲ್ಲದ್ದು. ಒಂದೇ ಲೋಹದ ಪಟ್ಟಿಯಲ್ಲಿ ಎರಡು ಸ್ವಭಾವ. ಕಣ್ಣು ಮಿಟುಕಿಸುವಷ್ಟು ತಡವಾದರೂ ಹಳದಿ ಓಡಿಹೋಗಿ ಅಂಚೇ ಮೆತ್ತಗಾಗುತ್ತದೆ.

ಬೆಳ್ಳಿಯ ಕುಸುರಿ ಕೆಟ್ಟರೆ ಕರಗಿಸಿ ಮತ್ತೆ ಮಾಡಬಹುದು. ಹದ ಕಂಡ ಅಲಗಿನಲ್ಲಿ ಮಾತ್ರ ಒಬ್ಬ ಮನುಷ್ಯ ಒಂದು ಸಂಜೆ ಒಂದು ಬಣ್ಣವನ್ನು ಸರಿಯಾಗಿ ಗುರುತಿಸಿದ ಆ ಕ್ಷಣವೇ ಉಳಿದಿರುತ್ತದೆ. ಕೈಯಿಂದ ಮಾಡಿದ ಕತ್ತಿಗೆ ಬೆಲೆ ಬರುವುದು ಇದರಿಂದ.

ಮದರಾಸಿನಿಂದ ಹೊರಟ ಪ್ರವಾಸಿ

ಟಿಪ್ಪು ಮಡಿದ ಮರುವರ್ಷ, 1800ರ ಏಪ್ರಿಲ್‌ನಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಮೈಸೂರು ಸೀಮೆಯತ್ತ ಹೊರಟ. ಹೊಸದಾಗಿ ಕೈವಶವಾದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ ಎಂದು ಕಂಪನಿ ಸರ್ಕಾರಕ್ಕೆ ವರದಿ ಮಾಡುವುದು ಅವನ ಕೆಲಸ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಚನ್ನಪಟ್ಟಣದ ಉಕ್ಕಿನ ತಂತಿಯ ಪ್ರಸ್ತಾಪವಿದೆ. ವೀಣೆಯಂಥ ವಾದ್ಯಗಳಿಗೆ ಬಿಗಿಯುವ ತಂತಿ ಅದು. ಇಂದಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಸುತ್ತ ಉಕ್ಕು ಕರಗಿಸುವ ವಿಧಾನವನ್ನು ಅವನು ಕಣ್ಣಾರೆ ಕಂಡು ಬರೆದಿಟ್ಟ.

ವಿಧಾನ ಕೇಳಲು ಸರಳ. ಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಾಂಡದ ಚೂರು, ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ ಕುಲುಮೆಯಲ್ಲಿ ಗಂಟೆಗಟ್ಟಲೆ ತಿದಿ ಒತ್ತಿದರೆ ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಇಳಿದು ಉಕ್ಕಾಗುತ್ತದೆ. ಮೂಸೆ ಒಡೆದಾಗ ಸಿಗುವ ಉಂಡೆಯಲ್ಲಿ ಇಂಗಾಲದ ಪ್ರಮಾಣ ಶೇ 1.5ರ ಆಸುಪಾಸು. ಇಂದಿನ ಸಾಮಾನ್ಯ ಚಾಕುವಿನ ಉಕ್ಕಿಗಿಂತ ಇದು ಬಹಳ ಹೆಚ್ಚು. ಅಂಥ ಉಕ್ಕಿನ ಉಂಡೆಗಳು ಪಶ್ಚಿಮ ಏಷ್ಯಾಕ್ಕೆ ಹೋಗಿ, ನೀರಿನ ಅಲೆಯಂಥ ಗೆರೆಗಳಿರುವ ಖಡ್ಗಗಳಾದವು.

ಯುರೋಪ್ ಈ ಲೋಹವನ್ನು ‘ವೂಟ್ಸ್’ ಎಂದು ಕರೆಯಿತು. ನಮ್ಮ ‘ಉಕ್ಕು’ ಪದವೇ ಅವರ ನಾಲಿಗೆಯಲ್ಲೋ ಲೇಖನಿಯಲ್ಲೋ ಹಾಗಾಯಿತು ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಮಾತು. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದರ ಮೇಲೆ ಪ್ರಬಂಧ ಓದಿದ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಅದರಿಂದ ಅಲಗುಗಳನ್ನು ಮಾಡಿ ಕೊಂಡಾಡಿದ. ಅವನ ಜೊತೆ ಸೇರಿ ಆ ಉಕ್ಕಿನ ಗುಟ್ಟು ಬಿಡಿಸಲು ಹೊರಟವನು ಮೈಕೇಲ್ ಫ್ಯಾರಡೆ. ವಿದ್ಯುತ್ತಿಗೆ ಹೆಸರಾದ ಆ ವಿಜ್ಞಾನಿ ಹುಟ್ಟಿದ್ದು ಕಮ್ಮಾರನ ಮಗನಾಗಿ. ತುಮಕೂರು ಸೀಮೆಯ ಕುಲುಮೆಯವರಿಗೆ ಕೈಯಲ್ಲಿ ಗೊತ್ತಿದ್ದುದನ್ನು ಅವನು ಪ್ರಯೋಗಾಲಯದಲ್ಲಿ ಹುಡುಕುತ್ತಿದ್ದ.

ಈ ಕಥೆಯ ಇನ್ನೊಂದು ತುದಿ ಚೆನ್ನೈನ ಎಗ್ಮೋರಿನಲ್ಲಿದೆ. 1851ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯ ಪ್ಯಾಂಥಿಯನ್ ರಸ್ತೆಯಲ್ಲಿದೆ. ತಾಮ್ರಪರ್ಣಿ ದಂಡೆಯ ಆದಿಚ್ಚನಲ್ಲೂರಿನಲ್ಲಿ ಅಲೆಕ್ಸಾಂಡರ್ ರೀ ಅಗೆದು ತೆಗೆದ ಪ್ರಾಚೀನ ಕಬ್ಬಿಣದ ಕತ್ತಿ, ಈಟಿಗಳು ಇಲ್ಲಿಗೆ ಬಂದಿವೆ. ತುಕ್ಕು ತಿಂದು ಹೊಪ್ಪಳೆ ಎದ್ದಿದ್ದರೂ ಬೆನ್ನು ಎಲ್ಲಿ, ಬಾಯಿ ಎಲ್ಲಿ ಎಂದು ಗುರುತು ಹತ್ತುತ್ತದೆ. ತಂಜಾವೂರು ಅರಮನೆಯ ಆಯುಧಗಳೂ ಇಲ್ಲಿವೆ. 1855ರಲ್ಲಿ ಅಲ್ಲಿನ ಮರಾಠ ದೊರೆ ಗಂಡು ಸಂತಾನವಿಲ್ಲದೆ ತೀರಿಕೊಂಡ ಮೇಲೆ ಕಂಪನಿ ಸಂಸ್ಥಾನವನ್ನು ನುಂಗಿತು. ಆಯುಧಾಗಾರದ ಬಹುಪಾಲು ಗುಜರಿಯಾಗಿ ಒಡೆದುಹೋಯಿತು, ಆಯ್ದ ಕೆಲವಷ್ಟೇ ವಸ್ತುಸಂಗ್ರಹಾಲಯ ಸೇರಿ ಉಳಿದವು. ಎಷ್ಟು ಕಮ್ಮಾರರ ಎಷ್ಟು ಸಂಜೆಗಳು ಆ ಗುಜರಿಯಲ್ಲಿ ಹೋದವೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಒಂದೇ ಆಕಾರ, ಎರಡು ಕಾನೂನು

ಕೊಡಗಿನ ಒಡಿಕತ್ತಿ ಮತ್ತು ಮಲಬಾರಿನ ಆಯುಧಕತ್ತಿ ಹತ್ತಿರದ ನೆಂಟರು. ಅಗಲ ಅಲಗು, ಒಳಬಾಗು, ಬೆನ್ನಿಗೆ ಸಿಕ್ಕಿಸುವ ರೀತಿ ಎಲ್ಲ ಹೋಲುತ್ತವೆ. ನಡುವೆ ಇರುವುದು ಒಂದು ಘಟ್ಟ ಮಾತ್ರ. ಆದರೆ ಬ್ರಿಟಿಷರ ಕಾಲದಲ್ಲಿ ಎರಡರ ಹಣೆಬರಹ ಬೇರೆಯಾಯಿತು.

ಮದರಾಸು ಪ್ರಾಂತ್ಯದ ಭಾಗವಾಗಿದ್ದ ಮಲಬಾರಿನಲ್ಲಿ ಮಾಪ್ಪಿಳ್ಳೆ ರೈತರ ದಂಗೆಗಳು ಮರುಕಳಿಸುತ್ತಿದ್ದಾಗ, 1854ರ ಕಾಯ್ದೆಯೊಂದು ಈ ಕತ್ತಿಯನ್ನು ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತು. ಒಂದು ಕತ್ತಿಯ ಹೆಸರೆತ್ತಿ ಕಾನೂನು! ಕಲೆಕ್ಟರ್ ಎಚ್.ವಿ. ಕಾನಲಿ ಕೆಲವೇ ವಾರಗಳಲ್ಲಿ 7,500ಕ್ಕೂ ಹೆಚ್ಚು ಕತ್ತಿಗಳನ್ನು ಒಪ್ಪಿಸಿಕೊಂಡ. 1855ರ ಸೆಪ್ಟೆಂಬರ್‌ನಲ್ಲಿ ಅವನ ಕೊಲೆಯಾಯಿತು.

ಘಟ್ಟದ ಈಚೆ ಕೊಡಗಿನಲ್ಲಿ ಅದೇ ಆಕಾರ ಪದಕದ ಮೇಲೆ ಏರಿತ್ತು. 1834ರಲ್ಲಿ ಚಿಕ್ಕ ವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ, 1837ರ ದಂಗೆಯಲ್ಲಿ ತನ್ನ ಪರ ನಿಂತವರಿಗೆ ಪದಕ ಟಂಕಿಸಿತು. ಅದರ ಒಂದು ಮುಖದಲ್ಲಿ ಕತ್ತಿ ಎತ್ತಿ ನಿಂತ ಕೊಡವ ಯೋಧ, ಸುತ್ತ ಕನ್ನಡ ಅಕ್ಷರಗಳು. ನಿಷ್ಠೆಗೆ ಕೊಟ್ಟ ಬಹುಮಾನದ ಹಿಂದೆ ಸೋತವರ ನೋವಿದೆ ಎಂಬುದನ್ನು ಮರೆಯಬಾರದು. ಅಮರಸುಳ್ಯದ ಆ ದಂಗೆಯನ್ನು ಸುಳ್ಯ, ಪುತ್ತೂರಿನ ಜನ ಇಂದು ಸ್ವಾತಂತ್ರ್ಯ ಸಮರವೆಂದು ನೆನೆಯುತ್ತಾರೆ.

1857ರ ನಂತರ ದೇಶದಲ್ಲೆಲ್ಲ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರಿನಲ್ಲಿ ಉಳಿದಿರುವ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ವಿನಾಯಿತಿ ಕೊಟ್ಟ. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದು, ಕೊಡವರಿಗೂ ‘ಜಮ್ಮಾ’ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ವಿಸ್ತರಣೆಯಾಗಿದೆ. ಪ್ರಶ್ನೆ ಕೋರ್ಟಿಗೆ ಹೋದಾಗ 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗ ಚರ್ಚೆಯೆಲ್ಲ ಕೋವಿಯದ್ದು. ಕತ್ತಿಯ ಸುದ್ದಿ ಯಾರೂ ಎತ್ತುವುದಿಲ್ಲ.

ಕೌಹವದಲ್ಲಿ ಉಳಿದದ್ದು

ಇಲ್ಲಿ ಫಿನ್ಲೆಂಡಿನ ಪೂಕ್ಕೊವನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಗೇಣಿನ ಅರ್ಧದಷ್ಟೇ ಅಲಗು, ಒಂದೇ ಕಡೆ ಹರಿತ, ಬರ್ಚ್ ಮರದ ಹಿಡಿ, ಹಿಡಿಯ ಅರ್ಧವನ್ನೂ ನುಂಗುವ ಚರ್ಮದ ಒರೆ. ಬೆರಳಿಗೆ ಅಡ್ಡ ತಡೆಯಿಲ್ಲ. ಅಲಗಿನ ಎರಡೂ ಮಗ್ಗುಲಲ್ಲಿ ಅಗಲವಾದ ಸಪಾಟು ಇಳಿಜಾರು ನೇರವಾಗಿ ಅಂಚಿಗೆ ಬಂದು ಸೇರುತ್ತದೆ. ಆದ್ದರಿಂದ ಅದನ್ನು ಕಲ್ಲಿನ ಮೇಲೆ ಮಲಗಿಸಿದರೆ ಮಸೆಯಬೇಕಾದ ಕೋನ ತಾನಾಗಿ ಸಿಗುತ್ತದೆ. ಹದಿಹರೆಯದ ಹುಡುಗನೂ ಮಸೆಯಬಲ್ಲ.

ದೇಶದ ಪಶ್ಚಿಮಕ್ಕಿರುವ ಕೌಹವ ಎಂಬ ಊರು ಇದಕ್ಕೆ ಹೆಸರುವಾಸಿ. ಈಸಾಕ್ಕಿ ಯಾರ್ವೆನ್‌ಪ್ಯಾ ಎಂಬ ಕಮ್ಮಾರನ ಹೆಸರಿನ ಅಲ್ಲಿನ ಕಾರ್ಖಾನೆ ತನ್ನ ಆರಂಭವನ್ನು 1879ಕ್ಕೆ ಹೇಳಿಕೊಳ್ಳುತ್ತದೆ. ಹಿಡಿಯ ತುದಿಯಲ್ಲಿ ಹಿತ್ತಾಳೆಯ ಕುದುರೆತಲೆ ಇರುವ ಪೂಕ್ಕೊ ಅವರ ಗುರುತು. ಕೊಡಗಿನ ಗಿಣಿತಲೆಯ ಪಕ್ಕ ಇಟ್ಟರೆ ಎರಡು ದೂರದ ನಾಡಿನ ಕಮ್ಮಾರರು ಒಂದೇ ಕನಸು ಕಂಡಂತಿದೆ.

ವ್ಯತ್ಯಾಸ ಬೇರೆ ಕಡೆ ಇದೆ. ಪೂಕ್ಕೊವನ್ನು ಗೌರವದ ಉಡುಗೊರೆಯಾಗಿ ಕೊಟ್ಟ ಮರುದಿನ ಅದು ಮೀನು ಸೀಳುತ್ತದೆ, ಕಟ್ಟಿಗೆ ಹೆರೆಯುತ್ತದೆ. ಅಲಗು ಕೆಟ್ಟದ್ದಾದರೆ ಒಂದೇ ವಾರದಲ್ಲಿ ಬಣ್ಣ ಬಯಲಾಗುತ್ತದೆ. ಹಾಗಾಗಿ ಅಲ್ಲಿನ ಕಮ್ಮಾರ ಅಲಗಿನಲ್ಲಿ ಮೋಸ ಮಾಡಲಾರ. ಪೀಚೆಕತ್ತಿ ಕೆಲಸದಿಂದ ನಿವೃತ್ತಿಯಾಗಿ ಉಡುಪಿನ ಅಂಗವಾಯಿತು. ಮದುವೆಗೆ ಕೊಳ್ಳುವವರು ಬೆಳ್ಳಿ ಎಷ್ಟು ಗ್ರಾಂ ಎಂದು ಕೇಳುತ್ತಾರೆ, ಅಲಗಿನ ಉಕ್ಕು ಯಾವುದು ಎಂದು ಕೇಳುವುದಿಲ್ಲ. ಕೇಳುವವರಿಲ್ಲದ ಮೇಲೆ ಒರೆಯೊಳಗೆ ಹದವಿಲ್ಲದ ತಗಡು ಬಂದು ಕೂತರೂ ಅಚ್ಚರಿಯಿಲ್ಲ. ಅಕ್ಕಸಾಲಿಗೆ ಕೆಲಸ ಉಳಿಯಿತು, ಕಮ್ಮಾರ ಕುಲುಮೆ ಆರಿಸಿದ.

ಒರೆಯಿಂದ ತೆಗೆದು ನೋಡಿ

ಆದ್ದರಿಂದ ಕತ್ತಿ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಅಲಗಿನ ಬೆನ್ನು. ಹಿಡಿಯ ಹತ್ತಿರ ದಪ್ಪವಿದ್ದು ಮೊನೆಯ ಕಡೆಗೆ ತೆಳುವಾಗುತ್ತ ಹೋಗಿದ್ದರೆ ಅದನ್ನು ಬಡಿದು ಎಳೆದಿದ್ದಾರೆ. ಉದ್ದಕ್ಕೂ ಒಂದೇ ದಪ್ಪವಿದ್ದರೆ ತಗಡು ಕತ್ತರಿಸಿ ಮಾಡಿರುವ ಸಾಧ್ಯತೆ ಹೆಚ್ಚು. ಉಗುರಿನಿಂದ ತಟ್ಟಿ ಕೇಳಬಹುದು. ಹದ ಕಂಡ ಅಲಗು ಕಂಚಿನ ಬಟ್ಟಲಿನ ಹಾಗೆ ತುಸು ಹೊತ್ತು ಮಿಡಿಯುತ್ತದೆ. ಬೆಳಕಿಗೆ ಹಿಡಿದರೆ ಅಂಚು ಕಾಣಿಸಬಾರದು. ಎಲ್ಲಾದರೂ ಬಿಳಿ ಮಿಂಚು ಕಂಡರೆ ಅಲ್ಲಿ ಮೊಂಡು ಎಂದರ್ಥ. ಒರೆಯಿಂದ ಎಳೆದಾಗ ಕೊನೆಯ ಬೆರಳಷ್ಟು ದೂರದಲ್ಲಿ ಬಿಗಿ ಸಡಿಲಿ ಜಾರಿ ಬರಬೇಕು. ತಲೆಕೆಳಗೆ ಹಿಡಿದರೂ ತಾನಾಗಿ ಬೀಳಬಾರದು.

ಚೆನ್ನೈನಲ್ಲಿ ನೆಲೆಸಿದ ಕುಟುಂಬಗಳ ಬೀರುಗಳಲ್ಲಿ ಅಜ್ಜನ ಕತ್ತಿ ಇದ್ದರೆ ಅದಕ್ಕೆ ದೊಡ್ಡ ಶತ್ರು ಕಡಲ ಗಾಳಿ. ಉಪ್ಪಿನ ತೇವ ಒರೆಯ ಮರದೊಳಗೆ ಇಳಿದು ಅಲಗನ್ನು ಒಳಗಿಂದಲೇ ತಿನ್ನುತ್ತದೆ. ಹೊರಗಿನ ಬೆಳ್ಳಿ ಪಳಪಳ ಹೊಳೆಯುತ್ತಿರುವುದರಿಂದ ಗೊತ್ತೇ ಆಗುವುದಿಲ್ಲ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೊರತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿದರೆ ಸಾಕು. ತೆಂಗಿನೆಣ್ಣೆ ದಿನ ಕಳೆದಂತೆ ಅಂಟಾಗುತ್ತದೆ. ಹಳೆಯ ಅಲಗಿನ ಕಪ್ಪು ಬಣ್ಣವನ್ನು ಮಾತ್ರ ಉಜ್ಜಿ ತೆಗೆಯಬಾರದು, ಅದು ತುಕ್ಕಿಗೆ ತಡೆ. ಬೀದಿಯ ಸಾಣೆಕಲ್ಲಿಗೂ ಅಜ್ಜನ ಕತ್ತಿಯನ್ನು ಕೊಡಬಾರದು. ವೇಗವಾಗಿ ತಿರುಗುವ ಕಲ್ಲಿನ ಬಿಸಿಗೆ ತೆಳ್ಳನೆಯ ಅಂಚಿನಲ್ಲಿ ಕುಲುಮೆಯ ಆ ನೀಲಿ ಮರಳಿ ಬಂದು, ಹದ ಇಳಿದುಹೋಗುತ್ತದೆ.

ಕೊಡಗಿನಲ್ಲಿ ಈ ಆರೈಕೆಗೆ ಒಂದು ಹಬ್ಬವೇ ಇದೆ. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್‌ಪೊಳ್ದ್‌ನಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿಮಾಡಿ ದೇವರಕೋಣೆಯಲ್ಲಿಟ್ಟು ತೋಕ್‌ಪೂ ಏರಿಸುತ್ತಾರೆ. ಕೆಂಪು ಹಳದಿ ಜ್ವಾಲೆಯಂಥ ಎಸಳಿನ ಆ ಹೂವು ಬಯಲುಸೀಮೆಯವರಿಗೆ ಅಗ್ನಿಶಿಖೆ, ತಮಿಳರಿಗೆ ಸೆಂಗಾಂದಳ್. ತಮಿಳುನಾಡಿನ ರಾಜ್ಯಪುಷ್ಪವೂ ಅದೇ. ಪೂಜೆ ಮುಗಿದು ಕಡಂಬಿಟ್ಟು, ಪಂದಿಕರಿಯ ಊಟವಾದ ಮೇಲೆ ಒಂದು ಸಣ್ಣ ಕೆಲಸ ಉಳಿದಿರುತ್ತದೆ. ಅಲಗಿನ ಮೇಲಿಟ್ಟ ಗಂಧದ ಬೊಟ್ಟಿನಲ್ಲಿ ನೀರಿನಂಶ ಇರುತ್ತದೆ. ಹಾಗೇ ಒರೆಗೆ ಸೇರಿಸಿದರೆ ಮುಂದಿನ ವರ್ಷದ ಹೊತ್ತಿಗೆ ಸರಿಯಾಗಿ ಆ ಬೊಟ್ಟಿನ ಗಾತ್ರದ ತುಕ್ಕಿನ ಗುಳಿ ಬಿದ್ದಿರುತ್ತದೆ. ಮರುದಿನ ಬೆಳಿಗ್ಗೆ ಮನೆಯ ಹಿರಿಯರು ಮೆತ್ತನೆಯ ಬಟ್ಟೆಯಲ್ಲಿ ಅದನ್ನು ಒರೆಸಿ, ಎಣ್ಣೆ ಸವರಿ, ಅಲಗನ್ನು ಕಿಟಕಿಯ ಬೆಳಕಿಗೆ ಒಮ್ಮೆ ಹಿಡಿದು ನೋಡಿ, ಆಮೇಲೆ ಒರೆಗೆ ಇಳಿಸುತ್ತಾರೆ.